ಎರಡು ವಾರ, ಒಂದು ನೋಟ್‌ಬುಕ್: ದಿನನಿತ್ಯದ ಆಯ್ಕೆಗಳಲ್ಲಿ ನಿಮ್ಮ ಸ್ವಭಾವವನ್ನು ಗುರುತಿಸುವ ಬಗೆ

ಮದುವೆ, ಮುಂಜಿ, ಗೃಹಪ್ರವೇಶ ಯಾವುದೇ ಇರಲಿ, ನಮ್ಮ ಮನೆಯಲ್ಲಿ ಮುಂದೆ ನಿಂತು ನಡೆಸುವವರು ನನ್ನ ದೊಡ್ಡ ಅತ್ತಿಗೆ. ಬಂದವರನ್ನು ಬಾಗಿಲಲ್ಲಿ ಎದುರುಗೊಳ್ಳುವುದು, ಅಡುಗೆಯವರಿಗೆ ಎಲೆಯ ಲೆಕ್ಕ ಹೇಳುವುದು, ಮುನಿಸಿಕೊಂಡು ಮೂಲೆ ಸೇರಿದ ಹಿರಿಯರನ್ನು ಮಾತನಾಡಿಸಿ ಪಂಕ್ತಿಗೆ ಕರೆತರುವುದು, ಎಲ್ಲವೂ ಅವರದೇ. ‘ಅವಳಿಗೆ ಜನ ಎಂದರೆ ಪ್ರಾಣ’ ಎಂದು ಬಳಗವೆಲ್ಲ ಹೇಳುತ್ತಿತ್ತು. ಮೊಬೈಲ್‌ನಲ್ಲಿ ಯಾರೋ ಕಳಿಸಿದ ವ್ಯಕ್ತಿತ್ವ ಪರೀಕ್ಷೆಯನ್ನು ಬರೆದಾಗಲೂ ಅವರಿಗೆ ‘ಬಹಿರ್ಮುಖಿ’ ಎಂಬ ಉತ್ತರವೇ ಬಂತು.

ಆಮೇಲೆ ನನ್ನ ಒತ್ತಾಯಕ್ಕೆ ಅವರು ಎರಡು ವಾರ ಒಂದು ನೋಟ್‌ಬುಕ್ ಬರೆದರು. ಆ ಎರಡು ವಾರಗಳಲ್ಲಿ ಮನೆಯವರೆಲ್ಲ ಹೊರಗೆ ಹೋಗಿ, ಅವರಿಗೆ ಪೂರ್ತಿ ಬಿಡುವು ಸಿಕ್ಕಿದ್ದು ನಾಲ್ಕು ಮಧ್ಯಾಹ್ನ. ನಾಲ್ಕೂ ಸಲ ಅವರು ಹೋಗಿ ಕುಳಿತದ್ದು ಹಿತ್ತಲಿನ ಮಲ್ಲಿಗೆ ಬಳ್ಳಿಯ ಪಕ್ಕ, ಒಬ್ಬರೇ. ಪಕ್ಕದ ಮನೆಯ ಜಗಲಿಯಲ್ಲಿ ಅದೇ ಹೊತ್ತಿಗೆ ಹೆಂಗಸರು ಸೇರಿದ್ದರು, ಕರೆದೂ ಇದ್ದರು. ಅತ್ತಿಗೆ ಹೋಗಿರಲಿಲ್ಲ. ಆ ಪುಟಗಳನ್ನು ತಿರುವಿ ನೋಡಿ ಅವರು, ‘ಇಪ್ಪತ್ತೆರಡು ವರ್ಷದಿಂದ ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ ನೋಡು’ ಎಂದರು.

ಈ ಮಾರ್ಗದರ್ಶಿಯನ್ನು ಬರೆಯುತ್ತಿರುವುದು ಆ ಮಾತಿಗಾಗಿ. ‘ನೀವು ಎಂಥವರು?’ ಎಂದು ನೇರವಾಗಿ ಕೇಳಿದರೆ ನಾವು ಕೊಡುವ ಉತ್ತರದಲ್ಲಿ ಊರು ಹೇಳಿದ್ದು, ನಾವು ಆಗಬೇಕೆಂದುಕೊಂಡದ್ದು, ಮನೆಯ ಜವಾಬ್ದಾರಿ ಎಲ್ಲವೂ ಬೆರೆತಿರುತ್ತವೆ. ಯಾರ ಒತ್ತಾಯವೂ ಇಲ್ಲದ ಹೊತ್ತಿನಲ್ಲಿ ನಾವು ಏನನ್ನು ಆರಿಸಿಕೊಂಡೆವು, ಏನನ್ನು ಬಿಟ್ಟೆವು ಎಂಬುದನ್ನು ಬರೆದಿಟ್ಟು ಎಣಿಸಿದರೆ ಹೆಚ್ಚು ನಿಜವಾದ ಉತ್ತರ ಸಿಗುತ್ತದೆ.

ಹೆಜ್ಜೆ 1: ನೋಟ್‌ಬುಕ್ ಸಿದ್ಧಪಡಿಸಿ

ನೂರು ಪುಟದ ಸಾಧಾರಣ ನೋಟ್‌ಬುಕ್ ಸಾಕು. ಮೊಬೈಲ್‌ನಲ್ಲಿಯೂ ಬರೆಯಬಹುದು, ಆದರೆ ಮೊಬೈಲ್ ಕೈಗೆತ್ತಿಕೊಂಡ ಮೇಲೆ ಬರೆಯುವುದನ್ನು ಮರೆತು ಬೇರೆಲ್ಲಿಗೋ ಹೋಗುವವರೇ ಹೆಚ್ಚು. ಹದಿನಾಲ್ಕು ದಿನ ಬರೆಯಬೇಕು. ಅದರಲ್ಲಿ ಎರಡು ಭಾನುವಾರಗಳು ಬರಲಿ, ಸಾಧ್ಯವಾದರೆ ಒಂದು ಸಮಾರಂಭವೋ ಪ್ರಯಾಣವೋ ಇರಲಿ. ಪರೀಕ್ಷೆಯ ಸಮಯ, ಮನೆಯಲ್ಲಿ ಕಾಯಿಲೆ, ಸಾವು ನೋವು ಇರುವ ವಾರಗಳನ್ನು ಬಿಡಿ.

ಪುಟಕ್ಕೆ ಮೂರು ಅಂಕಣ ಎಳೆಯಿರಿ. ಮೊದಲನೆಯದು ‘ಆರಿಸಿದ್ದು’, ಎರಡನೆಯದು ‘ಬಿಟ್ಟದ್ದು’, ಮೂರನೆಯದು ‘ಮತ್ತೆ?’. ಎರಡನೆಯ ಅಂಕಣವೇ ಇಡೀ ವಿಧಾನದ ಬೆನ್ನೆಲುಬು. ಬಿಡುವುದಕ್ಕೆ ಇನ್ನೊಂದು ದಾರಿಯೇ ಇರಲಿಲ್ಲ ಎಂದರೆ ಅದು ಆಯ್ಕೆಯಾಗುವುದಿಲ್ಲ, ಅದನ್ನು ಬರೆಯುವುದೇ ಬೇಡ. ಮೂರನೆಯ ಅಂಕಣದಲ್ಲಿ, ನಾಳೆ ಅಂಥದೇ ಬಿಡುವು ಸಿಕ್ಕರೆ ಮತ್ತೆ ಅದನ್ನೇ ಆರಿಸುತ್ತೀರಾ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂದು ಬರೆಯಿರಿ, ಇಲ್ಲ ಎಂದಾದರೆ ಏನು ಮಾಡಬೇಕಿತ್ತು ಎಂಬುದನ್ನೂ ಒಂದೆರಡು ಪದದಲ್ಲಿ ಸೇರಿಸಬಹುದು. ಇದನ್ನು ಆಗಲೇ ತುಂಬಬೇಡಿ, ರಾತ್ರಿ ಮಲಗುವ ಮುನ್ನ ತುಂಬಿ.

ಅತ್ತಿಗೆಯ ನೋಟ್‌ಬುಕ್ಕಿನಿಂದ, ಅವರ ಒಪ್ಪಿಗೆ ಪಡೆದು, ಒಂದು ದಿನದ ಪುಟ:

ಸಂಜೆ 4. ಆರಿಸಿದ್ದು: ಮಲ್ಲಿಗೆ ಮೊಗ್ಗು ಬಿಡಿಸಿ ಮಾಲೆ ಕಟ್ಟಿದೆ. ಬಿಟ್ಟದ್ದು: ಪಕ್ಕದ ಮನೆಗೆ ಕರೆದಿದ್ದರು. ಮತ್ತೆ? ಹೌದು.
ಸಂಜೆ 6. ಆರಿಸಿದ್ದು: ತಂಗಿಗೆ ಸಂದೇಶ ಕಳಿಸಿದೆ. ಬಿಟ್ಟದ್ದು: ಫೋನ್ ಮಾಡಬಹುದಿತ್ತು. ಮತ್ತೆ? ಇಲ್ಲ, ಮಾತನಾಡಬೇಕಿತ್ತು.
ರಾತ್ರಿ 9. ಆರಿಸಿದ್ದು: ನಾಳೆಯ ತರಕಾರಿ ಇಂದೇ ಹೆಚ್ಚಿಟ್ಟೆ. ಬಿಟ್ಟದ್ದು: ಟಿವಿ. ಮತ್ತೆ? ಹೌದು.

ದಿನಕ್ಕೆ ಮೂರರಿಂದ ಐದು ಸಾಲು, ಇಷ್ಟೇ ಚಿಕ್ಕದಾಗಿ. ಕಾರಣ ಬರೆಯಬೇಡಿ. ಕಾರಣ ಬರೆಯಲು ತೊಡಗಿದ ಕೂಡಲೇ ನಾವು ನಮ್ಮನ್ನು ಸಮರ್ಥಿಸಿಕೊಳ್ಳಲು ಶುರು ಮಾಡುತ್ತೇವೆ.

ಹೆಜ್ಜೆ 2: ಒಲವು ಯಾವುದು, ಒತ್ತಾಯ ಯಾವುದು ಎಂದು ಬೇರ್ಪಡಿಸಿ

ಇಲ್ಲಿ ಅವಸರ ಮಾಡಬೇಡಿ. ವ್ಯಕ್ತಿತ್ವದ ಬಗೆಗೆ ನಾವು ಮಾಡಿಕೊಳ್ಳುವ ತಪ್ಪು ತೀರ್ಮಾನಗಳಲ್ಲಿ ಹೆಚ್ಚಿನವು ಇಲ್ಲಿಯೇ ಹುಟ್ಟುತ್ತವೆ.

ಪ್ರತಿ ಸಾಲಿನ ಅಂಚಿನಲ್ಲಿ ಒಂದು ಅಕ್ಷರ ಹಾಕಿ. ಕರ್ತವ್ಯಕ್ಕಾಗಿ ಮಾಡಿದ್ದಾದರೆ ‘ಕ’. ಹಣ ನಿರ್ಧರಿಸಿದ್ದಾದರೆ ‘ಹ’. ರೂಢಿಯಿಂದ, ಯೋಚಿಸದೆ ಮಾಡಿದ್ದಾದರೆ ‘ರೂ’. ನಿಜವಾಗಿ ಬೇಕೆಂದು ಮಾಡಿದ್ದಾದರೆ ‘ಒ’, ಅಂದರೆ ಒಲವು. ಕೊನೆಯಲ್ಲಿ ಎಣಿಸುವುದು ‘ಒ’ ಎಂದು ಗುರುತಿಸಿದ ಸಾಲುಗಳನ್ನು ಮಾತ್ರ.

ಬೆಳಿಗ್ಗೆ ಐದಕ್ಕೆ ಎದ್ದು ಮಕ್ಕಳ ಡಬ್ಬಿ ಕಟ್ಟುವ ತಾಯಿಯನ್ನು ನೋಡಿ, ಆಕೆ ಬೇಗ ಏಳುವ ಸ್ವಭಾವದವಳು ಎನ್ನಲು ಬರುವುದಿಲ್ಲ. ಶಾಲೆಯ ಬಸ್ ಏಳೂವರೆಗೆ ಬರುತ್ತದೆ, ಅಷ್ಟೇ. ನಿದ್ರೆಯ ಒಲವನ್ನು ಅಳೆಯಲು ಹಾರ್ನ್ ಮತ್ತು ಓಸ್ಟ್‌ಬರ್ಗ್ ಎಂಬಿಬ್ಬರು 1976ರಲ್ಲಿ ಪ್ರಕಟಿಸಿದ ಹತ್ತೊಂಬತ್ತು ಪ್ರಶ್ನೆಗಳ ಪಟ್ಟಿಯೊಂದು ಇಂದಿಗೂ ಬಳಕೆಯಲ್ಲಿದೆ. ಅದು ನೀವು ಎಷ್ಟು ಹೊತ್ತಿಗೆ ಏಳುತ್ತೀರಿ ಎಂದು ಕೇಳುವುದಿಲ್ಲ. ಇಡೀ ದಿನವನ್ನು ನಿಮ್ಮ ಇಷ್ಟದಂತೆ ರೂಪಿಸಿಕೊಳ್ಳುವ ಸ್ವಾತಂತ್ರ್ಯವಿದ್ದರೆ ಎಷ್ಟು ಹೊತ್ತಿಗೆ ಏಳುವಿರಿ ಎಂದು ಕೇಳುತ್ತದೆ. ನೋಟ್‌ಬುಕ್ಕಿನ ಪ್ರತಿ ಸಾಲಿಗೂ ಇದೇ ಪ್ರಶ್ನೆಯನ್ನು ಹಾಕಿ ನೋಡಿ.

ಹಣದ ವಿಷಯವೂ ಹೀಗೆಯೇ. ತಿಂಗಳ ಕೊನೆಯ ವಾರದಲ್ಲಿ ಗೆಳೆಯರೊಂದಿಗೆ ಹೋಟೆಲಿಗೆ ಹೋಗದೆ ಕೋಣೆಯಲ್ಲಿ ಉಳಿದ ಹುಡುಗನನ್ನು ಏಕಾಂತಪ್ರಿಯ ಎನ್ನಲಾಗದು. ಸಂಬಳ ಬಂದ ವಾರದಲ್ಲಿ ಅವನು ಏನು ಮಾಡುತ್ತಾನೆ ಎಂಬುದು ಅವನ ಒಲವು.

ಎಲ್ಲಕ್ಕಿಂತ ಕಷ್ಟದ್ದು ರೂಢಿ. ಊಟ ತಿಂಡಿಯ ಇಷ್ಟಗಳನ್ನು ಸ್ವಭಾವದ ಸಾಕ್ಷಿಯಾಗಿ ನಾನು ಅಷ್ಟಾಗಿ ಒಪ್ಪದಿರುವುದು ಇದಕ್ಕೇ. ತಿನ್ನುವುದರ ಮೇಲೆ ಸ್ವಭಾವ ಹೇಳುವ ವಿಚಾರ ನಮಗೆ ಹೊಸದಲ್ಲ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿಯೇ ಸಾತ್ವಿಕರು, ರಾಜಸರು, ತಾಮಸರು ಯಾವ ಯಾವ ಆಹಾರವನ್ನು ಮೆಚ್ಚುತ್ತಾರೆ ಎಂಬ ವಿವರಣೆಯಿದೆ. ಆದರೆ ಜೋಳದ ರೊಟ್ಟಿಗೆ ಖಾರದ ರಂಜಕ ಹಚ್ಚಿಕೊಂಡು ಬೆಳೆದವರಿಗೂ ಕುಚ್ಚಲಕ್ಕಿ ಗಂಜಿ ಕುಡಿದು ಬೆಳೆದವರಿಗೂ ನಾಲಿಗೆಯ ರುಚಿಯನ್ನು ಕೊಟ್ಟದ್ದು ಊರು ಮತ್ತು ಅಮ್ಮನ ಅಡುಗೆಮನೆ. ಇಷ್ಟದ ಬಣ್ಣ, ಇಷ್ಟದ ಪ್ರಾಣಿ, ಟೀಯೋ ಕಾಫಿಯೋ ಎಂಬಂಥವೂ ಇದೇ ಗುಂಪಿಗೆ ಸೇರುತ್ತವೆ. ಬರೆದರೆ ತೊಂದರೆಯಿಲ್ಲ, ಎಣಿಸಬೇಡಿ. ರೂಢಿಯೋ ಒಲವೋ ಎಂಬ ಸಂದೇಹ ಬಂದರೆ ಒಂದು ದಿನ ಬೇರೆ ರೀತಿ ಮಾಡಿ ನೋಡಿ. ಬೇರೆ ರೀತಿ ಮಾಡಿದ ದಿನ ಏನೂ ಅನ್ನಿಸದಿದ್ದರೆ ಅದು ಬರೀ ರೂಢಿ. ಏನನ್ನೋ ಕಳೆದುಕೊಂಡಂತಾದರೆ ಒಲವು.

ಮೊದಲ ವಾರದಲ್ಲಿ ‘ಒ’ ಎಂದು ಗುರುತಿಸುವ ಸಾಲುಗಳು ನಾಲ್ಕೋ ಐದೋ ಇರಬಹುದು. ವಿಶೇಷವಾಗಿ ಗೃಹಿಣಿಯರು, ಹಿರಿಯರನ್ನು ನೋಡಿಕೊಳ್ಳುತ್ತಿರುವವರು, ಎರಡು ಕಡೆ ದುಡಿಯುವವರು ‘ನನಗೇನು ಇಷ್ಟ ಎಂಬುದೇ ಗೊತ್ತಿಲ್ಲ’ ಎನ್ನುವುದನ್ನು ನಾನು ಅನೇಕ ಸಲ ಕೇಳಿದ್ದೇನೆ. ಅದು ಸ್ವಭಾವವಿಲ್ಲದ್ದಕ್ಕೆ ಗುರುತಲ್ಲ. ಬಿಡುವು ಇಲ್ಲದ್ದಕ್ಕೆ ಗುರುತು. ಅಂಥವರು ದಿನಕ್ಕೆ ಇಪ್ಪತ್ತು ನಿಮಿಷವನ್ನು ಯಾರಿಗೂ ಕೊಡದೆ ಇಟ್ಟುಕೊಂಡು, ಆ ಇಪ್ಪತ್ತು ನಿಮಿಷದಲ್ಲಿ ಮಾಡಿದ್ದನ್ನು ಮಾತ್ರ ಬರೆಯಲಿ. ಎರಡು ವಾರ ಸಾಲದಿದ್ದರೆ ನಾಲ್ಕು ವಾರ ಬರೆಯಲಿ. ಒಟ್ಟು ಮೂವತ್ತು ‘ಒ’ ಸಾಲುಗಳಾದರೂ ಆಗುವ ತನಕ ಮುಂದಿನ ಹೆಜ್ಜೆಗೆ ಹೋಗುವುದು ಬೇಡ.

ಹೆಜ್ಜೆ 3: ಐದು ಎಳೆಗಳಾಗಿ ವಿಂಗಡಿಸಿ

ಎಣಿಸುವುದಕ್ಕೆ ಒಂದು ಚೌಕಟ್ಟು ಬೇಕು. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್ಬರ್ಟ್ ಎಂಬ ಮನಶ್ಶಾಸ್ತ್ರಜ್ಞರು ದೊಡ್ಡ ಇಂಗ್ಲಿಷ್ ನಿಘಂಟೊಂದನ್ನು ಜಾಲಾಡಿ, ಮನುಷ್ಯರ ನಡವಳಿಕೆಯನ್ನು ಬಣ್ಣಿಸುವ ಸುಮಾರು 18,000 ಪದಗಳನ್ನು ಪಟ್ಟಿ ಮಾಡಿದರು. ಜನ ಶತಮಾನಗಳಿಂದ ಒಬ್ಬರನ್ನೊಬ್ಬರು ಗಮನಿಸಿ ಮುಖ್ಯವೆನಿಸಿದ್ದಕ್ಕೆಲ್ಲ ಹೆಸರಿಟ್ಟಿರುತ್ತಾರೆ ಎಂಬುದು ಅದರ ಹಿಂದಿನ ನಂಬಿಕೆ. ನಮ್ಮ ಅಜ್ಜಿಯಂದಿರ ಬಾಯಲ್ಲಿ ಬರುತ್ತಿದ್ದ ಗುಮ್ಮನಗುಸುಕ, ಬಾಯಿಬಡುಕ, ಅಂಜುಬುರುಕ, ಮುಂಗೋಪಿ, ಗಟ್ಟಿಗಿತ್ತಿ, ಹಠಮಾರಿ ಎಂಬ ಪದಗಳನ್ನು ನೆನೆದರೆ ಆ ನಂಬಿಕೆ ಸರಿಯೆಂದೇ ಅನ್ನಿಸುತ್ತದೆ. ಮುಂದೆ 1961ರಲ್ಲಿ ಅಮೆರಿಕದ ವಾಯುಪಡೆಗಾಗಿ ಕೆಲಸ ಮಾಡುತ್ತಿದ್ದ ಟ್ಯೂಪ್ಸ್ ಮತ್ತು ಕ್ರಿಸ್ಟಲ್, ಇಂಥ ಗುಣಗಳು ಮತ್ತೆ ಮತ್ತೆ ಐದು ಗುಂಪುಗಳಾಗಿ ಸೇರಿಕೊಳ್ಳುವುದನ್ನು ತೋರಿಸಿದರು. ಇಂದು ವ್ಯಕ್ತಿತ್ವವನ್ನು ಅಧ್ಯಯನ ಮಾಡುವವರು ಹೆಚ್ಚಾಗಿ ಬಳಸುವುದು ಈ ಐದನ್ನೇ. ಪ್ರತಿಯೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದೊಂದು ಪುಟ ಮೀಸಲಿಡಿ.

ಜನ ಮತ್ತು ಏಕಾಂತ. ಫೋನ್ ಮಾಡಿದಿರೋ ಸಂದೇಶ ಕಳಿಸಿದಿರೋ, ಖಾಲಿ ಬಸ್ಸಿನಲ್ಲಿ ಯಾರದಾದರೂ ಪಕ್ಕ ಕುಳಿತಿರೋ ಕಿಟಕಿಯ ಒಂಟಿ ಜಾಗ ಹುಡುಕಿದಿರೋ, ಮದುವೆ ಊಟ ಮುಗಿದ ಮೇಲೆ ಛತ್ರದಲ್ಲಿಯೇ ಉಳಿದಿರೋ ಎಂಬಂಥ ಸಾಲುಗಳು ಈ ಪುಟಕ್ಕೆ.

ಇಲ್ಲಿ ಎಲ್ಲೆಡೆ ಹರಿದಾಡುವ ಒಂದು ಮಾತನ್ನು ತಿದ್ದಬೇಕು. ಜನರ ನಡುವೆ ಇದ್ದು ಬಂದ ಮೇಲೆ ದಣಿವಾದರೆ ನೀವು ಅಂತರ್ಮುಖಿ ಎನ್ನುತ್ತಾರೆ. ಫಿನ್‌ಲೆಂಡ್‌ನ ಇಬ್ಬರು ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉತ್ಸಾಹದಿಂದ ಬೆರೆತು ಮಾತನಾಡಿದವರಿಗೆ ಆ ಕ್ಷಣದಲ್ಲಿ ಖುಷಿಯೂ ಸುಮಾರು ಮೂರು ಗಂಟೆಯ ನಂತರ ದಣಿವೂ ಕಾಣಿಸಿಕೊಂಡಿತು. ಅಂತರ್ಮುಖಿಗಳಿಗೂ ಬಹಿರ್ಮುಖಿಗಳಿಗೂ ಅದರಲ್ಲಿ ಭೇದವಿರಲಿಲ್ಲ. ಹೀಗಾಗಿ ದಣಿವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ‘ಮತ್ತೆ?’ ಅಂಕಣವನ್ನು ನೋಡಿ. ದಣಿದಿದ್ದರೂ ನಾಳೆ ಮತ್ತೆ ಅದೇ ಗುಂಪಿಗೆ ಹೋಗುತ್ತೇನೆ ಎಂದು ಬರೆದವರು ಜನರತ್ತ ಒಲಿದವರು. ಜನರೊಂದಿಗೆ ವ್ಯವಹರಿಸುವ ಜಾಣ್ಮೆ ಬೇರೆ, ಜನ ಬೇಕೆನ್ನುವ ಒಲವು ಬೇರೆ ಎಂಬುದನ್ನೂ ಗಮನದಲ್ಲಿಡಿ. ನನ್ನ ಅತ್ತಿಗೆಗೆ ಜಾಣ್ಮೆ ಬೆಟ್ಟದಷ್ಟಿತ್ತು. ನಾಚಿಕೆ ಸ್ವಭಾವವೂ ಅಂತರ್ಮುಖತೆಯೂ ಒಂದೇ ಅಲ್ಲ. ಜನ ಬೇಕು ಎಂದು ತುಂಬ ಅನ್ನಿಸಿದರೂ ಅಂಜಿಕೆಯಿಂದ ಹಿಂದೆ ನಿಲ್ಲುವವರಿದ್ದಾರೆ. ಅವರ ಮೂರನೆಯ ಅಂಕಣದಲ್ಲಿ ‘ಇಲ್ಲ, ಹೋಗಬೇಕಿತ್ತು’ ಎಂಬ ಸಾಲು ಮತ್ತೆ ಮತ್ತೆ ಕಾಣುತ್ತದೆ.

ಅಚ್ಚುಕಟ್ಟು. ಈ ಎಳೆಯ ಸಾಕ್ಷಿ ಮನೆಯ ತುಂಬ ಬಿದ್ದಿರುತ್ತದೆ. ಒಗ್ಗರಣೆ ಡಬ್ಬಿಯನ್ನೇ ತೆಗೆದುಕೊಳ್ಳಿ. ಸಾಸಿವೆ ಅರ್ಧಕ್ಕೆ ಇಳಿದಾಗಲೇ ತುಂಬಿಡುವವರಿದ್ದಾರೆ, ಚಮಚ ತಳ ಕೆರೆದ ಮೇಲೆ ಎಣ್ಣೆ ಕಾಯುತ್ತಿರುವಾಗ ಪೊಟ್ಟಣ ಹುಡುಕುವವರಿದ್ದಾರೆ. ವಿದ್ಯುತ್ ಬಿಲ್ ಬಂದ ದಿನವೇ ಕಟ್ಟಿದಿರಾ, ಕೊನೆಯ ದಿನವೇ? ರಾತ್ರಿ ಬಸ್ಸಿಗೆ ಚೀಲ ಕಟ್ಟಿದ್ದು ಹಿಂದಿನ ದಿನವೋ ಹೊರಡುವ ಅರ್ಧ ಗಂಟೆ ಮುಂಚೆಯೋ? ಕೊನೆಯ ಗಳಿಗೆಯಲ್ಲಿ ಮಾಡುವವರೆಲ್ಲ ಸೋಮಾರಿಗಳು ಎಂಬ ತೀರ್ಪು ನಮ್ಮಲ್ಲಿ ಬಹಳ ಬೇಗ ಬರುತ್ತದೆ. ದಾರಿಯನ್ನು ಮೊದಲೇ ಮುಚ್ಚಿಕೊಳ್ಳದೆ, ಕಡೆಯ ತನಕ ತೆರೆದಿಡುವುದು ಒಂದು ಒಲವೇ. ಅಂಥವರು ದಿಢೀರನೆ ಯೋಜನೆ ಕೆಟ್ಟಾಗ ಕಂಗೆಡದಿರುವುದನ್ನೂ ಗಮನಿಸಿ ಬರೆಯಿರಿ.

ಕೋಣೆಯನ್ನು ನೋಡಿ ಸ್ವಭಾವ ಹೇಳಬಹುದೇ ಎಂದು ಟೆಕ್ಸಾಸ್‌ನ ಸ್ಯಾಮ್ ಗಾಸ್ಲಿಂಗ್ ಮತ್ತು ಸಂಗಡಿಗರು ಪರಿಶೀಲಿಸಿ 2002ರಲ್ಲಿ ವರದಿ ಮಾಡಿದ್ದಾರೆ. ಅಪರಿಚಿತರು ಬರೀ ಮಲಗುವ ಕೋಣೆಯನ್ನೋ ಕಚೇರಿಯ ಮೇಜನ್ನೋ ನೋಡಿ ಒಡೆಯರ ಸ್ವಭಾವವನ್ನು ಊಹಿಸಿದರು. ಹೊಸತಿನ ಬಗೆಗಿನ ಒಲವು ಮತ್ತು ಅಚ್ಚುಕಟ್ಟು, ಈ ಎರಡರಲ್ಲಿ ಅವರ ಊಹೆ ಚೆನ್ನಾಗಿಯೇ ಹೊಂದಿತು. ಆದ್ದರಿಂದ ಒಂದು ಸಂಜೆ ನಿಮ್ಮ ಕೋಣೆಯ ಬಾಗಿಲಲ್ಲಿ ನಿಂತು, ಬೇರೆಯವರ ಕೋಣೆ ನೋಡುವಂತೆ ನೋಡಿ, ಕಂಡ ಹತ್ತು ವಸ್ತುಗಳನ್ನು ಬರೆಯಿರಿ. ಮನೆಯವರು ಜೋಡಿಸಿಟ್ಟ ಕೋಣೆಯಾದರೆ ನಿಮ್ಮ ಕೈಚೀಲವನ್ನೋ ಮೊಬೈಲಿನ ಚಿತ್ರಗಳನ್ನೋ ನೋಡಿ. ಅವುಗಳಿಗೆ ಬೇರೆ ಯಾರೂ ಕೈ ಹಾಕಿರುವುದಿಲ್ಲ.

ಹೊಸತಿನ ಒಲವು. ಹೋಟೆಲಿನಲ್ಲಿ ಪ್ರತಿ ಸಲ ಅದೇ ಖಾಲಿ ದೋಸೆ ಕೇಳುವುದನ್ನಷ್ಟೇ ನೋಡಿ ಇದನ್ನು ಅಳೆಯಬೇಡಿ. ಮೂವತ್ತು ವರ್ಷ ಅನ್ನ ಸಾರು ಬಿಟ್ಟು ಬೇರೇನೂ ಬೇಡದ ನನ್ನ ಸೋದರಮಾವ ರಾತ್ರಿ ಎರಡರ ತನಕ ಕೂತು ನಕ್ಷತ್ರಗಳ ಬಗ್ಗೆ ಓದುತ್ತಾರೆ. ಈ ಎಳೆಯ ತಿರುಳು ವಿಚಾರ, ಕಲ್ಪನೆ, ಕಲೆಗಳತ್ತ ಮನಸ್ಸು ಎಷ್ಟು ತೆರೆದಿದೆ ಎಂಬುದು. ಬಿಡುವಿನಲ್ಲಿ ಏನನ್ನು ಓದಿದಿರಿ, ಯಾವ ಪ್ರಶ್ನೆಯ ಬೆನ್ನು ಹತ್ತಿದಿರಿ, ಗೊತ್ತಿಲ್ಲದ ರಸ್ತೆಗೆ ಸುಮ್ಮನೆ ತಿರುಗಿದಿರಾ ಎಂಬುದನ್ನು ಬರೆಯಿರಿ.

ಹೊಂದಿಕೆ. ಎದುರಿನವರ ಮನಸ್ಸಿಗೆ ನೀವು ಕೊಡುವ ತೂಕ ಇದು. ಸಂತೆಯಲ್ಲಿ ಕೊಸರು ಕೇಳಿದಿರಾ, ಸಾಲ ಕೇಳಿದ ನೆಂಟರಿಗೆ ಆಗುವುದಿಲ್ಲ ಎಂದಿರಾ, ತಟ್ಟೆಯಲ್ಲಿ ಉಳಿದ ಕೊನೆಯ ಹೋಳಿಗೆಯನ್ನು ಯಾರಿಗೆ ಕೊಟ್ಟಿರಿ? ಒಂದು ಎಚ್ಚರಿಕೆ ಬೇಕು. ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಹೊಂದಿಕೊಂಡು ಹೋಗು ಎಂದು ಹೇಳಿ ಬೆಳೆಸುವುದರಿಂದ, ಈ ಪುಟದಲ್ಲಿ ‘ಕ’ ಎಂಬ ಅಕ್ಷರ ಬೀಳಬೇಕಾದಲ್ಲಿ ‘ಒ’ ಬೀಳುವುದು ಸಾಮಾನ್ಯ. ಎರಡೆರಡು ಸಲ ಕೇಳಿಕೊಂಡು ಬರೆಯಿರಿ.

ತಳಮಳ. ಗ್ಯಾಸ್ ಆರಿಸಿದೆನೇ ಎಂದು ಬೀದಿಯ ತುದಿಯಿಂದ ಮರಳಿ ಬಂದು ನೋಡುವುದು, ಕಳಿಸಿದ ಸಂದೇಶಕ್ಕೆ ಉತ್ತರ ಬಾರದಿದ್ದಾಗ ಮನಸ್ಸು ಎಲ್ಲೆಲ್ಲಿಗೋ ಹೋಗುವುದು, ಪ್ರಯಾಣದ ಹಿಂದಿನ ರಾತ್ರಿ ನಿದ್ದೆ ಬಾರದಿರುವುದು. ಇವು ಆಯ್ಕೆಗಳಲ್ಲವಾದ್ದರಿಂದ ಅಂಕಣಗಳ ಹೊರಗೆ, ಪುಟದ ಕೆಳಗೆ ಬರೆಯಿರಿ. ಬೇಗ ಕಲಕುವ ಮನಸ್ಸು ಒಂದು ಸ್ವಭಾವ, ಅದರಲ್ಲಿ ನಾಚಿಕೆಪಡುವಂಥದ್ದಿಲ್ಲ. ಆದರೆ ವಾರಗಟ್ಟಲೆ ನಿದ್ದೆ, ಊಟ, ಕೆಲಸ ಕೆಡುವಷ್ಟು ಕಳವಳವಿದ್ದರೆ ಅದನ್ನು ಸ್ವಭಾವ ಎಂದು ಸುಮ್ಮನಾಗಬೇಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಸಂಖ್ಯೆಯಲ್ಲಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ.

ಹೆಜ್ಜೆ 4: ಎಣಿಸಿ

ಪ್ರತಿ ಪುಟದಲ್ಲಿಯೂ ಸಾಲುಗಳು ಯಾವ ಕಡೆಗೆ ವಾಲಿವೆ ಎಂದು ಎಣಿಸಿ. ಅತ್ತಿಗೆಯ ಮೊದಲ ಪುಟದಲ್ಲಿ ಹತ್ತೊಂಬತ್ತು ಸಾಲುಗಳಿದ್ದವು, ಹದಿನೈದು ಏಕಾಂತದ ಕಡೆಗಿದ್ದವು. ‘ಮತ್ತೆ?’ ಅಂಕಣದಲ್ಲಿ ‘ಇಲ್ಲ’ ಎಂದಿದ್ದ ಎರಡನ್ನು ಕಳೆದರೂ ಹದಿನೇಳರಲ್ಲಿ ಹದಿಮೂರು. ನಾನು ಇಟ್ಟುಕೊಂಡ ಲೆಕ್ಕ ಸರಳ: ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಒಂದು ಕಡೆ ಇದ್ದರೆ ಮಾತ್ರ ‘ಈ ಕಡೆ ಒಲವಿದೆ’ ಎನ್ನಬಹುದು. ಅದಕ್ಕಿಂತ ಕಡಿಮೆಯಿದ್ದರೆ ‘ನಡುವೆ’ ಎಂದು ಬರೆಯಿರಿ. ಐದರಲ್ಲಿ ಎರಡೋ ಮೂರೋ ಪುಟಗಳಲ್ಲಿ ‘ನಡುವೆ’ ಎಂದು ಬಂದರೆ ಬೇಸರಪಡಬೇಡಿ. ಎತ್ತರದಂತೆ ಈ ಗುಣಗಳಲ್ಲಿಯೂ ಹೆಚ್ಚಿನ ಜನ ನಡುವಿನಲ್ಲೇ ಇರುತ್ತಾರೆ, ತುದಿಯಲ್ಲಿರುವವರು ಕಡಿಮೆ.

ಒಂದೇ ಮನುಷ್ಯ ಸೋಮವಾರ ಮೌನಿ, ಶನಿವಾರ ಮಾತುಗಾರ ಆಗಿರುವುದು ನಿಮ್ಮ ನೋಟ್‌ಬುಕ್ಕಿನಲ್ಲಿಯೂ ಕಾಣುತ್ತದೆ. ಸನ್ನಿವೇಶ ಬದಲಾದಂತೆ ನಡವಳಿಕೆ ಬದಲಾಗುತ್ತದೆ ಎಂದು ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ 1968ರಲ್ಲಿ ಎತ್ತಿದ ತಕರಾರಿನಿಂದ ವ್ಯಕ್ತಿತ್ವದ ಅಧ್ಯಯನವೇ ಅಲುಗಾಡಿತ್ತು. ಆಮೇಲಿನ ಸಂಶೋಧನೆ ಹೇಳುವುದೇನೆಂದರೆ, ದಿನದಿಂದ ದಿನಕ್ಕೆ ಏರಿಳಿತವಿದ್ದರೂ ಒಬ್ಬರ ವಾರಗಳ ಸರಾಸರಿ ಬಹುಮಟ್ಟಿಗೆ ಸ್ಥಿರವಾಗಿರುತ್ತದೆ. ಒಂದು ದಿನದ ಪುಟ ನೋಡಿ ತೀರ್ಮಾನಕ್ಕೆ ಬರಬಾರದು, ಹದಿನಾಲ್ಕು ದಿನ ಬರೆಯಬೇಕು ಎಂದದ್ದು ಅದಕ್ಕಾಗಿ.

ಹೆಜ್ಜೆ 5: ಮೂವರನ್ನು ಕೇಳಿ

ಮನೆಯವರೊಬ್ಬರು, ಹಳೆಯ ಸ್ನೇಹಿತರೊಬ್ಬರು, ಕೆಲಸದ ಸ್ಥಳದವರೊಬ್ಬರು. ಪ್ರತಿಯೊಬ್ಬರಿಂದಲೂ ನಿಮ್ಮನ್ನು ಬಣ್ಣಿಸುವ ಮೂರು ಪದ ಕೇಳಿ, ಪ್ರತಿ ಪದಕ್ಕೂ ಒಂದು ಘಟನೆ ಹೇಳಿಸಿ. ಘಟನೆಯಿಲ್ಲದ ಪದವನ್ನು ಬರೆದುಕೊಳ್ಳಬೇಡಿ. ನಿಮ್ಮ ನೋಟ್‌ಬುಕ್ಕನ್ನು ಅವರಿಗೆ ಮೊದಲೇ ತೋರಿಸಲೂ ಬೇಡಿ.

ಮನಶ್ಶಾಸ್ತ್ರಜ್ಞೆ ಸಿಮೈನ್ ವಾಜಿರ್ 2010ರಲ್ಲಿ ಪ್ರಕಟಿಸಿದ ಸಂಶೋಧನೆ ಇಲ್ಲಿ ಬಹಳ ಉಪಯುಕ್ತ. ಒಳಗಿನ ಕಳವಳ, ಆತಂಕಗಳ ವಿಷಯದಲ್ಲಿ ನಮ್ಮ ಅಂದಾಜೇ ಹೆಚ್ಚು ಸರಿ. ಬುದ್ಧಿ, ಸೃಜನಶೀಲತೆಯಂಥ, ಹೊಗಳಿಕೆ ತೆಗಳಿಕೆ ಅಂಟಿಕೊಂಡಿರುವ ಗುಣಗಳಲ್ಲಿ ಸ್ನೇಹಿತರ ಅಂದಾಜು ಹೆಚ್ಚು ಸರಿ. ಮಾತುಗಾರಿಕೆಯಂಥ ಹೊರಗೆ ಕಾಣುವ ಗುಣಗಳನ್ನು ಇಬ್ಬರೂ ಸುಮಾರಾಗಿ ಸರಿಯಾಗಿಯೇ ಹೇಳುತ್ತಾರೆ. ಆದ್ದರಿಂದ ತಳಮಳದ ಪುಟದಲ್ಲಿ ನಿಮ್ಮ ಮಾತೇ ನಡೆಯಲಿ. ‘ನೀನು ಹೊಸ ವಿಚಾರ ಹೇಳುವವಳು’ ಎಂದು ಮೂವರೂ ಹೇಳಿದರೆ, ನಿಮಗೆ ನಂಬಿಕೆ ಬಾರದಿದ್ದರೂ ಬರೆದುಕೊಳ್ಳಿ.

ಹೆಜ್ಜೆ 6: ಫೋರರ್ ಜರಡಿ ಹಿಡಿಯಿರಿ

1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಆಮೇಲೆ ಪ್ರತಿಯೊಬ್ಬರಿಗೂ ಅವರವರ ವ್ಯಕ್ತಿತ್ವದ ವಿವರಣೆ ಎಂದು ಒಂದು ಹಾಳೆ ಕೊಟ್ಟರು. ಎಷ್ಟು ಸರಿಯಾಗಿದೆ ಎಂದು ಐದಕ್ಕೆ ಅಂಕ ಹಾಕಲು ಹೇಳಿದಾಗ ಸರಾಸರಿ 4.26 ಬಂತು. ಎಲ್ಲರ ಹಾಳೆಯೂ ಒಂದೇ ಆಗಿತ್ತು, ಅದರ ಸಾಲುಗಳಲ್ಲಿ ಹೆಚ್ಚಿನವು ಒಂದು ಜ್ಯೋತಿಷ್ಯದ ಪುಸ್ತಕದಿಂದ ಬಂದಿದ್ದವು. ‘ನಿಮ್ಮನ್ನು ನೀವು ಅತಿಯಾಗಿ ವಿಮರ್ಶಿಸಿಕೊಳ್ಳುತ್ತೀರಿ’ ಎಂಬಂಥ ಸಾಲು ಯಾರಿಗೆ ತಾನೇ ಹೊಂದುವುದಿಲ್ಲ?

ನಿಮ್ಮ ಬಗ್ಗೆ ನೀವು ಬರೆದುಕೊಂಡ ಸಾಲುಗಳನ್ನೂ ಇದೇ ಜರಡಿಯಲ್ಲಿ ಹಾಕಿ. ಆ ಸಾಲನ್ನು ನಿಮ್ಮ ಅಣ್ಣನಿಗೋ ಪಕ್ಕದ ಮೇಜಿನವರಿಗೋ ಓದಿ ಹೇಳಿ, ನಿಮಗೂ ಹೊಂದುತ್ತದೆಯೇ ಎಂದು ಕೇಳಿ. ಅವರೂ ಹೌದೆಂದರೆ ಹೊಡೆದು ಹಾಕಿ. ‘ನಾನು ಸೂಕ್ಷ್ಮ ಮನಸ್ಸಿನವಳು’ ಎಂಬುದು ಜರಡಿಯಲ್ಲಿ ನಿಲ್ಲುವುದಿಲ್ಲ. ‘ನಿರ್ಧಾರ ಮಾಡಬೇಕಾದಾಗ ಬೇರೆಯವರೊಂದಿಗೆ ಚರ್ಚಿಸುವುದಕ್ಕಿಂತ ಒಂದು ರಾತ್ರಿ ಸುಮ್ಮನಿರಲು ಬಯಸುತ್ತೇನೆ’ ಎಂಬುದು ನಿಲ್ಲುತ್ತದೆ.

ಹೆಜ್ಜೆ 7: ಹೆಸರು ಬೇಕಿದ್ದರೆ

ಜನರನ್ನು ಹದಿನಾರು ಬಗೆಗಳಾಗಿ ವಿಂಗಡಿಸಿ, ಪ್ರತಿ ಬಗೆಗೂ ಐಎನ್‌ಎಫ್‌ಜೆ, ಇಎಸ್‌ಟಿಪಿ ಎಂಬಂಥ ನಾಲ್ಕು ಇಂಗ್ಲಿಷ್ ಅಕ್ಷರಗಳ ಹೆಸರು ಕೊಡುವ ವ್ಯಕ್ತಿತ್ವ ಪರೀಕ್ಷೆ ಬಹಳ ಜನರಿಗೆ ಪರಿಚಿತ. ಸ್ವಿಟ್ಜರ್ಲೆಂಡ್‌ನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮಂಡಿಸಿದ ವಿಚಾರಗಳನ್ನು ಆಧರಿಸಿ ಅಮೆರಿಕದ ತಾಯಿ ಮಗಳು ಕ್ಯಾಥರಿನ್ ಬ್ರಿಗ್ಸ್ ಮತ್ತು ಇಸಾಬೆಲ್ ಮೈಯರ್ಸ್ ಇವನ್ನು ರೂಪಿಸಿದರು. ಅದರಲ್ಲಿ ನಾಲ್ಕು ಜೋಡಿಗಳಿವೆ. ನಿಮ್ಮ ನೋಟ್‌ಬುಕ್ಕಿನಿಂದಲೇ ಆ ಅಕ್ಷರಗಳಿಗೆ ಹತ್ತಿರ ಹೋಗಬಹುದು: ಜನರ ಪುಟದಿಂದ ಇ (ಬಹಿರ್ಮುಖಿ) ಅಥವಾ ಐ (ಅಂತರ್ಮುಖಿ), ಹೊಸತಿನ ಪುಟದಿಂದ ಎನ್ (ಒಳಹೊಳಹನ್ನು ನಂಬುವವರು) ಅಥವಾ ಎಸ್ (ಕಣ್ಣೆದುರಿನದನ್ನು ನಂಬುವವರು), ಹೊಂದಿಕೆಯ ಪುಟದಿಂದ ಎಫ್ (ಭಾವನೆಗೆ ತೂಕ ಕೊಡುವವರು) ಅಥವಾ ಟಿ (ತರ್ಕಕ್ಕೆ ತೂಕ ಕೊಡುವವರು), ಅಚ್ಚುಕಟ್ಟಿನ ಪುಟದಿಂದ ಜೆ (ಮೊದಲೇ ನಿರ್ಧರಿಸಿಬಿಡುವವರು) ಅಥವಾ ಪಿ (ಕಡೆಯ ತನಕ ತೆರೆದಿಡುವವರು). ಮೆಕ್‌ಕ್ರೇ ಮತ್ತು ಕೋಸ್ಟಾ ಎಂಬ ಮನಶ್ಶಾಸ್ತ್ರಜ್ಞರು 1989ರಲ್ಲಿ ಎರಡೂ ವಿಧಾನಗಳನ್ನು ಹೋಲಿಸಿ ಈ ನಂಟನ್ನು ತೋರಿಸಿದ್ದಾರೆ. ತಳಮಳದ ಎಳೆಗೆ ಹದಿನಾರು ಬಗೆಗಳಲ್ಲಿ ಜಾಗವೇ ಇಲ್ಲ. ನನ್ನ ಮಟ್ಟಿಗೆ ಅದು ದೊಡ್ಡ ಕೊರತೆ, ಏಕೆಂದರೆ ಬಹಳ ಜನರ ದಿನಗಳನ್ನು ಆಳುವುದು ಅದೇ ಎಳೆ.

ಇನ್ನೊಂದು ತೊಂದರೆಯೂ ಇದೆ. ನಡುವಿನಲ್ಲಿರುವವರನ್ನೂ ಆ ವಿಧಾನ ಯಾವುದಾದರೂ ಒಂದು ಅಕ್ಷರಕ್ಕೆ ದೂಡುತ್ತದೆ. ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಬರೆದಾಗ ಒಂದಲ್ಲ ಒಂದು ಅಕ್ಷರ ಬದಲಾಗುವವರು ಅನೇಕರಿರುವುದು ಅದಕ್ಕೇ. ‘ನಡುವೆ’ ಎಂದು ಬಂದ ಕಡೆ ಅಕ್ಷರದ ಬದಲು ಒಂದು ಗೆರೆ ಎಳೆದುಬಿಡಿ.

ಅಕ್ಷರಗಳಿಗಿಂತ ಐದು ವಾಕ್ಯಗಳು ಒಳ್ಳೆಯವು. ಪ್ರತಿ ಎಳೆಗೂ ಒಂದು ವಾಕ್ಯ, ಪ್ರತಿ ವಾಕ್ಯದಲ್ಲಿಯೂ ನೋಟ್‌ಬುಕ್ಕಿನಲ್ಲಿ ನಿಜವಾಗಿ ನಡೆದ ಒಂದು ಸಂಗತಿ ಇರಲಿ. ಅತ್ತಿಗೆಯ ಮೊದಲ ವಾಕ್ಯ ಹೀಗಿತ್ತು: ‘ಬಿಡುವು ಸಿಕ್ಕರೆ ನನಗೆ ಹಿತ್ತಲು ಸಾಕು, ಮಾತು ಬೇಕಿದ್ದರೆ ತಂಗಿಯೊಬ್ಬಳು ಸಾಕು.’

ಹೆಜ್ಜೆ 8: ಬಳಸಿ, ಆದರೆ ಚಿಕ್ಕದಾಗಿ

ಈ ಐದು ವಾಕ್ಯಗಳನ್ನು ಹಿಡಿದು ಹುಡುಗ ಹುಡುಗಿಯ ಹೊಂದಾಣಿಕೆ ನೋಡಬೇಡಿ, ಮಕ್ಕಳ ಓದಿನ ದಾರಿ ನಿರ್ಧರಿಸಬೇಡಿ. ಹದಿನಾರು ಬಗೆಗಳ ಪರೀಕ್ಷೆಯನ್ನು ಮಾರುವ ಸಂಸ್ಥೆಯೇ ಅದನ್ನು ಕೆಲಸಕ್ಕೆ ಆಯ್ಕೆ ಮಾಡಲು ಬಳಸಬಾರದು ಎನ್ನುತ್ತದೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯೂ ಪೂರ್ತಿ ನಿಜವಲ್ಲ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಈ ಗುಣಗಳಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಅರ್ಧದಷ್ಟಕ್ಕೆ ಮಾತ್ರ ವಂಶವಾಹಿಗಳು ಕಾರಣ, ಮತ್ತು ಯೌವನದಿಂದ ನಡುವಯಸ್ಸಿಗೆ ಬರುವ ಹೊತ್ತಿಗೆ ಹೆಚ್ಚಿನವರಲ್ಲಿ ಅಚ್ಚುಕಟ್ಟು ಬೆಳೆಯುತ್ತದೆ. ಅದಕ್ಕೆ ನೋಟ್‌ಬುಕ್ಕಿನ ಮೇಲೆ ದಿನಾಂಕ ಹಾಕಿ ಎತ್ತಿಡಿ, ಮೂರು ನಾಲ್ಕು ವರ್ಷ ಬಿಟ್ಟು ಇನ್ನೊಂದು ಬರೆಯಿರಿ.

ಸದ್ಯಕ್ಕೆ ಒಂದೇ ಒಂದು ಬದಲಾವಣೆ ಆರಿಸಿ. ಬೆಳಗಿನ ಹೊತ್ತು ಚುರುಕು ಎಂದು ಗೊತ್ತಾದವರು ಕಷ್ಟದ ಲೆಕ್ಕಪತ್ರವನ್ನು ಸಂಜೆಯಿಂದ ಬೆಳಿಗ್ಗೆಗೆ ತಂದುಕೊಳ್ಳಬಹುದು. ಕೊನೆಯ ಗಳಿಗೆಯವರು ಗೆಳೆಯರಿಗೆ ಬಸ್ಸಿನ ಸಮಯವನ್ನು ತಾವು ಹೇಳುವ ಬದಲು ಅವರಿಂದ ಕೇಳಿ ಬರೆದುಕೊಳ್ಳಬಹುದು. ಬದಲಾವಣೆಯನ್ನು ಮನೆಯವರಿಗೆ ತಿಳಿಸಿ, ಅವರ ಸಹಾಯವಿಲ್ಲದೆ ಅದು ವಾರವೂ ಬಾಳುವುದಿಲ್ಲ.

ಅತ್ತಿಗೆ ಆರಿಸಿದ್ದು ಅರ್ಧ ಗಂಟೆ. ಮುಂದೆ ನಡೆದ ಗೃಹಪ್ರವೇಶದಲ್ಲಿ ಎಂದಿನಂತೆ ಎಲ್ಲವನ್ನೂ ಅವರೇ ನಡೆಸಿದರು. ಎರಡನೆಯ ಪಂಕ್ತಿ ಎದ್ದ ಮೇಲೆ ಮಾತ್ರ ಸೆರಗಿನಲ್ಲಿ ಕೈ ಒರೆಸಿಕೊಂಡು, ಮಹಡಿಯ ಸಣ್ಣ ಕೋಣೆಗೆ ಹೋಗಿ ಕಿಟಕಿಯ ಬಳಿ ಕುಳಿತರು. ಕೆಳಗೆ ಯಾರೋ ಅವರನ್ನು ಹುಡುಕುತ್ತಿದ್ದರು. ಮೂರನೆಯ ಪಂಕ್ತಿಗೆ ಎಲೆ ನಾನು ಹಾಕಿಸುತ್ತೇನೆ ಎಂದು ಹೇಳಿ, ಮೆಟ್ಟಿಲ ಬಾಗಿಲನ್ನು ಮುಂದಕ್ಕೆ ಎಳೆದುಕೊಂಡು ಬಂದೆ.